ಎಲ್‌ಪಿಜಿ ಎಸ್‌ಯುವಿಯ ಲೆಕ್ಕ: ಭಾರ ಎಳೆಯುವಾಗಲೇ ಅಳೆಯಬೇಕು

ಮಾನ್ಯ ಸಂಪಾದಕರೇ,

ಪೆಟ್ರೋಲ್ ಎಸ್‌ಯುವಿಗಳಿಗೆ ಎಲ್‌ಪಿಜಿ ಕಿಟ್ ಹಾಕಿಸಿಕೊಂಡರೆ ಇಂಧನದ ಖರ್ಚು ಎಷ್ಟು ಇಳಿಯುತ್ತದೆ ಎಂಬ ಬಗ್ಗೆ ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಪ್ರಕಟವಾದ ಬರಹವನ್ನು ಎರಡು ಸಲ ಓದಿದೆ. ಬರಹ ಉಪಯುಕ್ತವಾಗಿದೆ, ಅದರ ಲೆಕ್ಕಗಳೂ ಸರಿಯಾಗಿವೆ. ಆದರೆ ಅವೆಲ್ಲ ಖಾಲಿ ವಾಹನದ ಲೆಕ್ಕಗಳು. ಹಿಂದೆ ಟ್ರೈಲರ್ ಕಟ್ಟಿಕೊಂಡು ದುಡಿಯುವ ವಾಹನದ ವಿಷಯ ‘ಎಳೆಯುವ ಶಕ್ತಿ ತುಸು ಕಡಿಮೆಯಾಗಬಹುದು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ದೊಡ್ಡ ಎಸ್‌ಯುವಿ ಕೊಳ್ಳುವವರಲ್ಲಿ ಅನೇಕರು ಅದನ್ನು ಕೊಳ್ಳುವುದೇ ಭಾರ ಎಳೆಯುವುದಕ್ಕಾಗಿ; ಇಂಧನ ಹೆಚ್ಚು ಉರಿಯುವುದೂ ಆಗಲೇ, ಎಲ್‌ಪಿಜಿ ಹಾಕಿಸುವ ಯೋಚನೆ ಹುಟ್ಟುವುದೂ ಆ ಬಿಲ್ಲನ್ನು ನೋಡಿದಾಗಲೇ. ಹೀಗಿರುವಾಗ ಎಲ್ಲರಿಗಿಂತ ಹೆಚ್ಚು ಉಳಿತಾಯ ಕಾಣಬಲ್ಲವರಿಗೂ, ಲೆಕ್ಕ ತಪ್ಪಿದರೆ ಎಲ್ಲರಿಗಿಂತ ಹೆಚ್ಚು ಕೈ ಸುಟ್ಟುಕೊಳ್ಳುವವರಿಗೂ ಆ ಒಂದು ಸಾಲು ಸಾಲದು ಎಂದು ನನಗೆ ಬಲವಾಗಿ ಅನ್ನಿಸಿದ್ದರಿಂದ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ.

ನಾನು ಜೇನು ಸಾಕುವವನು. ಹೂವಿನ ಕಾಲಕ್ಕೆ ತಕ್ಕಂತೆ ಪೆಟ್ಟಿಗೆಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ನನ್ನ ಕೆಲಸದ ಅರ್ಧ ಪಾಲು. ಆರು ಸಿಲಿಂಡರ್‌ಗಳ, 3.5 ಲೀಟರ್ ಪೆಟ್ರೋಲ್ ಎಂಜಿನ್‌ನ ಎಸ್‌ಯುವಿ ಒಂದಕ್ಕೆ ಆರು ವರ್ಷಗಳ ಹಿಂದೆ ಎಲ್‌ಪಿಜಿ ಕಿಟ್ ಹಾಕಿಸಿದೆ. ನಾನೂ ನನ್ನ ಸಾಮಾನೂ ಸೇರಿ ವಾಹನದ ತೂಕ ಸುಮಾರು 2,100 ಕಿಲೋ. 40 ಪೆಟ್ಟಿಗೆ ತುಂಬಿದ ಟ್ರೈಲರ್ 1,300 ಕಿಲೋ ತೂಗುತ್ತದೆ. ಈವರೆಗೆ ಗ್ಯಾಸ್‌ನಲ್ಲಿ 90,000 ಕಿಲೋಮೀಟರ್ ಓಡಿಸಿದ್ದೇನೆ, ಅದರಲ್ಲಿ ಮೂರನೇ ಒಂದು ಭಾಗ ಟ್ರೈಲರ್ ಕಟ್ಟಿಕೊಂಡೇ. ಪ್ರತಿ ಸಲ ಇಂಧನ ತುಂಬಿಸಿದಾಗಲೂ ಲೀಟರ್, ಕಿಲೋಮೀಟರ್, ಹಿಂದೆ ಭಾರ ಇತ್ತೋ ಇಲ್ಲವೋ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವಿದೆ. ಇಲ್ಲಿ ನನ್ನ ವಾಹನದ ಬಗ್ಗೆ ಹೇಳುವ ಅಂಕಿಗಳೆಲ್ಲ ಆ ಪುಸ್ತಕದವು.

ಮೊದಲು ಮೈಲೇಜಿನ ಮಾತು. ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವಾದ ಎಲ್‌ಪಿಜಿಯಲ್ಲಿ ಕಿಲೋ ಲೆಕ್ಕದಲ್ಲಿ ಪೆಟ್ರೋಲ್‌ಗಿಂತ ತುಸು ಹೆಚ್ಚೇ ಶಕ್ತಿ ಇದೆ. ಆದರೆ ಅದು ಹಗುರ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋದಷ್ಟು ತೂಗಿದರೆ ಒಂದು ಲೀಟರ್ ಎಲ್‌ಪಿಜಿ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ ಅಷ್ಟೆ. ಹೀಗಾಗಿ ಲೀಟರಿಗೆ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಸಿಕ್ಕರೆ ಎಲ್‌ಪಿಜಿಯಲ್ಲಿ 24ರಿಂದ 26 ಮೆಗಾಜೂಲ್ ಸಿಗುತ್ತದೆ. ಗ್ಯಾಸ್‌ಗೆ ಬದಲಾದ ಮೇಲೆ ಲೀಟರಿನ ಲೆಕ್ಕದಲ್ಲಿ ಶೇ 20ರಿಂದ 30ರಷ್ಟು ಹೆಚ್ಚು ಇಂಧನ ಬೇಕಾಗುವುದು ಈ ಕಾರಣದಿಂದಲೇ ಹೊರತು ಕಿಟ್‌ನ ದೋಷದಿಂದಲ್ಲ. ನನ್ನ ವಾಹನ ಹೆದ್ದಾರಿಯಲ್ಲಿ ಖಾಲಿ ಓಡುವಾಗ ಪೆಟ್ರೋಲ್‌ನಲ್ಲಿ ಲೀಟರಿಗೆ 8 ಕಿ.ಮೀ. ಕೊಡುತ್ತಿತ್ತು, ಗ್ಯಾಸ್‌ನಲ್ಲಿ 6.4 ಕೊಡುತ್ತದೆ. ಟ್ರೈಲರ್ ಕಟ್ಟಿದಾಗ 5.5 ಇದ್ದದ್ದು 4.4ಕ್ಕೆ ಇಳಿಯುತ್ತದೆ.

ಈ ಇಳಿಕೆಯನ್ನು ನೋಡಿ ಗಾಬರಿಯಾಗುವವರನ್ನು ಕಂಡಿದ್ದೇನೆ. ಬೆಲೆಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಎಲ್ಲವನ್ನೂ ಪೆಟ್ರೋಲ್ ಲೀಟರಿನಲ್ಲೇ ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಗ್ಯಾಸ್‌ನ ಲೀಟರ್ ಬೆಲೆ ಪೆಟ್ರೋಲ್ ಬೆಲೆಯ ಅರ್ಧದಷ್ಟಿದೆ ಎಂದುಕೊಳ್ಳೋಣ. ಖಾಲಿ ವಾಹನ 100 ಕಿ.ಮೀ. ಹೋಗಲು 12.5 ಲೀಟರ್ ಪೆಟ್ರೋಲ್ ಬೇಕು, ಗ್ಯಾಸ್ ಆದರೆ 15.6 ಲೀಟರ್, ಆ ಗ್ಯಾಸ್‌ನ ಬೆಲೆ 7.8 ಲೀಟರ್ ಪೆಟ್ರೋಲ್‌ನ ಬೆಲೆಗೆ ಸಮ. ಉಳಿದದ್ದು 4.7 ಲೀಟರ್. ಟ್ರೈಲರ್ ಕಟ್ಟಿಕೊಂಡು ಅದೇ 100 ಕಿ.ಮೀ. ಹೋಗಲು 18.2 ಲೀಟರ್ ಪೆಟ್ರೋಲ್ ಅಥವಾ 22.7 ಲೀಟರ್ ಗ್ಯಾಸ್ ಬೇಕು, ಉಳಿಯುವುದು 6.8 ಲೀಟರ್. ಅಂದರೆ ಕಿಟ್‌ಗೆ ಸಾವಿರ ಲೀಟರ್ ಪೆಟ್ರೋಲ್‌ನಷ್ಟು ಹಣ ಕೊಟ್ಟಿದ್ದರೆ ಖಾಲಿ ಓಡಿಸುವವನಿಗೆ ಅದು 21,000 ಕಿ.ಮೀ. ದಾಟಿದ ಮೇಲೆ ಮರಳಿ ಬರುತ್ತದೆ, ಭಾರ ಎಳೆಯುವವನಿಗೆ 15,000 ಕಿ.ಮೀ. ಒಳಗೇ ಬರುತ್ತದೆ. ಎಷ್ಟು ಹೆಚ್ಚು ಉರಿಸುತ್ತೇವೋ ಅಷ್ಟು ಬೇಗ ಕಿಟ್‌ನ ಹಣ ಹುಟ್ಟುತ್ತದೆ. ಗ್ಯಾಸ್‌ನ ಬೆಲೆ ಪೆಟ್ರೋಲ್‌ನ ಶೇ 80ನ್ನು ಮುಟ್ಟಿದ ದಿನ ಈ ಲಾಭ ಸೊನ್ನೆಯಾಗುತ್ತದೆ ಎಂಬುದನ್ನೂ ಕಿಟ್ ಹಾಕಿಸುವ ಮೊದಲೇ ತಿಳಿದಿರಬೇಕು. ಇದರ ಜೊತೆಗೆ, ಎಂಜಿನ್ ಪೆಟ್ರೋಲ್‌ನಲ್ಲೇ ಶುರುವಾಗಿ ಅದರ ನೀರು ಸಾಕಷ್ಟು ಬಿಸಿಯಾದ ಮೇಲಷ್ಟೇ ಗ್ಯಾಸ್‌ಗೆ ಬದಲಾಗುತ್ತದೆ. ದಿನಕ್ಕೆ ನಾಲ್ಕು ಸಲ ಎರಡೆರಡು ಕಿಲೋಮೀಟರ್ ಓಡಿಸುವವರು ಹೆಚ್ಚುಕಡಿಮೆ ಪೆಟ್ರೋಲ್‌ನಲ್ಲೇ ಓಡಿಸುತ್ತಿರುತ್ತಾರೆ.

ವೇಗದ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ಹೋಗುತ್ತಿದ್ದವರು 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟನ್ನು ಮೀರುತ್ತದೆ, ಅದನ್ನು ಭೇದಿಸಲು ಬೇಕಾದ ಶಕ್ತಿ ಸರಿಸುಮಾರು ಇಮ್ಮಡಿಯಾಗುತ್ತದೆ. ಎತ್ತರದ ಟ್ರೈಲರ್ ಎಳೆಯುವವರಿಗೆ ಇದು ಇನ್ನೂ ದುಬಾರಿ. ನಾನು ಹೇಳಿದ 4.4 ಎಂಬ ಅಂಕಿ 80ರ ವೇಗದ್ದು. 100ರಲ್ಲಿ ಅದು 3.8ನ್ನೂ ದಾಟಲಿಲ್ಲ.

ಇನ್ನು ‘ಗ್ಯಾಸ್ ಗಾಡಿ ಎಳೆಯುವುದಿಲ್ಲ’ ಎಂಬ ದೂರು. ಇದರಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ತಪ್ಪು ತಿಳಿವಳಿಕೆಯಿದೆ. ಆವಿಯ ರೂಪದಲ್ಲಿ ಒಳಹೋಗುವ ಗ್ಯಾಸ್, ಎಂಜಿನ್‌ನ ಸಿಲಿಂಡರಿನಲ್ಲಿ ಗಾಳಿಗೆ ಸೇರಬೇಕಾದ ಜಾಗದಲ್ಲಿ ಶೇ 3ರಿಂದ 4ರಷ್ಟನ್ನು ಆಕ್ರಮಿಸುತ್ತದೆ. ಹನಿಹನಿಯಾಗಿ ಬೀಳುವ ಪೆಟ್ರೋಲ್ ಒಳಬರುವ ಗಾಳಿಯನ್ನು ತಂಪು ಮಾಡುತ್ತಿದ್ದ ಲಾಭವೂ ತಪ್ಪುತ್ತದೆ. ಆದ್ದರಿಂದ ಪೂರ್ತಿ ಒತ್ತಿದಾಗ ಸಿಗುವ ಶಕ್ತಿಯಲ್ಲಿ ಅಲ್ಪ ಇಳಿಕೆ ಆಗಿಯೇ ಆಗುತ್ತದೆ. ಹಳೆಯ ಕಾಲದ ಮಿಕ್ಸರ್ ಕಿಟ್‌ಗಳಲ್ಲಿ ಗಾಳಿ ಹೋಗುವ ದಾರಿಯನ್ನೇ ಕಿರಿದು ಮಾಡುತ್ತಿದ್ದುದರಿಂದ ಇಳಿಕೆ ಎದ್ದು ಕಾಣುತ್ತಿತ್ತು. ಗ್ಯಾಸ್‌ಗೆ ಕೆಟ್ಟ ಹೆಸರು ಬಂದದ್ದು ಆಗ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಇರುವ ಈಗಿನ ಸೀಕ್ವೆನ್ಶಿಯಲ್ ಕಿಟ್‌ಗಳಲ್ಲಿ ಆ ದೋಷವಿಲ್ಲ. ಗ್ಯಾಸನ್ನು ದ್ರವರೂಪದಲ್ಲೇ ಚಿಮ್ಮಿಸುವ ವ್ಯವಸ್ಥೆಯಲ್ಲಿ ಕಳೆದುಕೊಂಡ ತಂಪೂ ಮರಳಿ ದಕ್ಕುತ್ತದೆ. ಆಸ್ಟ್ರೇಲಿಯಾದಲ್ಲಿ 2011ರಲ್ಲಿ ಬಂದ ಫೋರ್ಡ್ ಫಾಲ್ಕನ್‌ನ ದ್ರವ ಇಂಜೆಕ್ಷನ್ ಎಲ್‌ಪಿಜಿ ಎಂಜಿನ್ ಶಕ್ತಿಯಲ್ಲಿ ತನ್ನ ಪೆಟ್ರೋಲ್ ಆವೃತ್ತಿಗಿಂತ ಹಿಂದೆ ಬೀಳಲಿಲ್ಲ. ಇನ್ನೊಂದು ಗುಣವನ್ನು ಭಾರ ಎಳೆಯುವವರು ಗಮನಿಸಬೇಕು. ಎಲ್‌ಪಿಜಿಯ ಆಕ್ಟೇನ್ ಸಂಖ್ಯೆ, ಅಂದರೆ ಇಂಧನ ತಾನಾಗಿ ಹೊತ್ತಿ ಎಂಜಿನ್ ಕುಟ್ಟುವುದನ್ನು ತಡೆಯುವ ಗುಣದ ಅಳತೆ, 100ಕ್ಕಿಂತ ಮೇಲಿದೆ. ಸೆಕೆಯ ದಿನ, ಏರುದಾರಿಯಲ್ಲಿ, ಪೂರ್ಣ ಹೊರೆಯಲ್ಲಿ ಪೆಟ್ರೋಲ್ ಎಂಜಿನ್ ಕುಟ್ಟಲು ತೊಡಗಿದರೆ ಅದರ ಗಣಕ ಕಿಡಿಯ ಸಮಯವನ್ನು ಹಿಂದೆ ಸರಿಸಿ ಶಕ್ತಿಯನ್ನು ತಾನೇ ಕಡಿತ ಮಾಡುತ್ತದೆ. ಗ್ಯಾಸ್‌ನಲ್ಲಿ ಹಾಗೆ ಮಾಡುವ ಪ್ರಮೇಯ ಬಹುಮಟ್ಟಿಗೆ ಬರುವುದಿಲ್ಲ. ಟರ್ಬೊ ಡೀಸೆಲ್ ಓಡಿಸಿ ಅಭ್ಯಾಸವಾದವರು ಗ್ಯಾಸ್ ಹಾಕಿದ ಪೆಟ್ರೋಲ್ ವಾಹನ ಹತ್ತಿದಾಗ ಕಾಣುವ ವ್ಯತ್ಯಾಸ ನಿಜವಾಗಿ ಎಂಜಿನ್‌ಗಳ ವ್ಯತ್ಯಾಸ. ಡೀಸೆಲ್ ಕಡಿಮೆ ವೇಗದ ಸುತ್ತಿನಲ್ಲೇ ಎಳೆಯುತ್ತದೆ, ಪೆಟ್ರೋಲ್ ಎಂಜಿನ್‌ಗೆ ಒಂದು ಗೇರ್ ಇಳಿಸಿ ಸುತ್ತು ಏರಿಸಿಕೊಡಬೇಕು. ಅದಕ್ಕೆ ಗ್ಯಾಸನ್ನು ಬೈಯುವುದು ಸರಿಯಲ್ಲ.

ಹಾಗಾದರೆ ತೊಂದರೆ ಎಲ್ಲಿ? ನಾನು ಅದನ್ನು ಕಲಿತದ್ದು ಒಂದು ರಾತ್ರಿ, ನಡುದಾರಿಯಲ್ಲಿ.

ಜೇನುಹುಳುಗಳು ಗೂಡು ಸೇರಿದ ಮೇಲೆ ಪೆಟ್ಟಿಗೆ ಮುಚ್ಚಿ ಹೊರಡುವುದರಿಂದ ನಮ್ಮ ಪ್ರಯಾಣಗಳೆಲ್ಲ ರಾತ್ರಿಯವು. ಕಿಟ್ ಹಾಕಿಸಿ ಮೂರು ವಾರವಾಗಿತ್ತು. ಖಾಲಿ ಗಾಡಿಯಲ್ಲಿ ಎಲ್ಲವೂ ಹೂ ಎತ್ತಿದಷ್ಟು ಸಲೀಸಾಗಿತ್ತು. ಆ ರಾತ್ರಿ ಟ್ರೈಲರ್ ಕಟ್ಟಿಕೊಂಡು ಉದ್ದನೆಯ ಏರು ಹತ್ತುವಾಗ ಆರೇಳು ನಿಮಿಷಕ್ಕೆ ಎಂಜಿನ್ ಮುಗ್ಗರಿಸಿತು, ಸ್ವಿಚ್ಚು ಕೀಚ್ ಎಂದು ಕೂಗಿತು, ವಾಹನ ತಾನಾಗಿಯೇ ಪೆಟ್ರೋಲ್‌ಗೆ ಬದಲಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಗ್ಯಾಸ್‌ಗೆ ಹಾಕಿದರೆ ಮತ್ತೆ ಅದೇ. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿ ಟಾರ್ಚ್ ಹಿಡಿದೆ. ರೇಡಿಯೇಟರ್ ಬಳಿ ಕೈ ಒಡ್ಡಲಾಗದಷ್ಟು ಬಿಸಿ. ಅದರಿಂದ ಒಂದು ಗೇಣು ದೂರದಲ್ಲಿದ್ದ ರೆಡ್ಯೂಸರ್ (ದ್ರವ ಗ್ಯಾಸನ್ನು ಆವಿ ಮಾಡುವ ಭಾಗ) ಮಾತ್ರ ಮೈತುಂಬ ಬೆಳ್ಳಗೆ ಹಿಮ ಕಟ್ಟಿಕೊಂಡಿತ್ತು; ಬೆರಳು ಇಟ್ಟರೆ ಅಂಟಿಕೊಳ್ಳುವಂತಿತ್ತು. ಉರಿಯುವ ಎಂಜಿನ್‌ನ ಮಗ್ಗುಲಲ್ಲೇ ಹಿಮ ಕಟ್ಟುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಾರಣ ಸರಳ. ಟ್ಯಾಂಕಿನಿಂದ ದ್ರವವಾಗಿ ಬರುವ ಗ್ಯಾಸ್ ರೆಡ್ಯೂಸರ್‌ನಲ್ಲಿ ಆವಿಯಾಗುತ್ತದೆ, ಆವಿಯಾಗಲು ಅದಕ್ಕೆ ಶಾಖ ಬೇಕು, ಆ ಶಾಖವನ್ನು ಎಂಜಿನ್ ತಂಪಾಗಿಸುತ್ತ ಬಿಸಿಯಾಗುವ ನೀರು, ಅಂದರೆ ಕೂಲೆಂಟ್, ಕೊಡಬೇಕು. ಪ್ರತಿ ಕಿಲೋ ಗ್ಯಾಸ್ ಆವಿಯಾಗಲು ಸುಮಾರು 350 ಕಿಲೋಜೂಲ್ ಬೇಕು. ನನ್ನ ವಾಹನ ಮತ್ತು ಟ್ರೈಲರ್ ಸೇರಿ 3,400 ಕಿಲೋ ಆಗುತ್ತದೆ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದನ್ನು ಮೇಲೆತ್ತುವುದಕ್ಕೇ 33 ಕಿಲೋವಾಟ್ ಶಕ್ತಿ ಬೇಕು. ಚಕ್ರದ ಉರುಳು ತಡೆ, ಗಾಳಿಯ ತಡೆ ಎಲ್ಲ ಸೇರಿದರೆ ಅದು 45 ಕಿಲೋವಾಟ್ ದಾಟುತ್ತದೆ. ಅಷ್ಟು ಶಕ್ತಿಗೆ ಸೆಕೆಂಡಿಗೆ ನಾಲ್ಕು ಗ್ರಾಂನಷ್ಟು ಗ್ಯಾಸ್ ಉರಿಯಬೇಕು, ಅಷ್ಟನ್ನು ಆವಿ ಮಾಡಲು ಸುಮಾರು ಒಂದೂವರೆ ಕಿಲೋವಾಟ್ ಶಾಖ ಎಡೆಬಿಡದೆ ಹರಿಯಬೇಕು. ಬಕೆಟ್ ನೀರು ಕಾಯಿಸುವ ವಿದ್ಯುತ್ ಕಾಯಿಲ್ ಕೊಡುವಷ್ಟು ಶಾಖ ಅದು. ಸಮತಟ್ಟು ರಸ್ತೆಯಲ್ಲಿ ಖಾಲಿ ಹೋಗುವಾಗ ಇದರ ಅರ್ಧಕ್ಕಿಂತ ಕಡಿಮೆ ಸಾಕು. ನನ್ನ ವಾಹನದಲ್ಲಿ ರೆಡ್ಯೂಸರ್‌ಗೆ ಹೋಗುವ ಕೊಳವೆಗಳನ್ನು ಕ್ಯಾಬಿನ್ ಹೀಟರ್‌ನ ಕೊಳವೆಗೆ ಕವಲಾಗಿ ಜೋಡಿಸಿದ್ದರು. ಕೂಲೆಂಟ್ ಸುಲಭದ ದಾರಿ ಹಿಡಿದು ಹೀಟರ್ ಕಡೆಗೇ ಹರಿಯುತ್ತಿತ್ತು, ರೆಡ್ಯೂಸರ್‌ಗೆ ಬರುತ್ತಿದ್ದುದು ಅರೆಬರೆ. ಖಾಲಿ ಓಡಿಸಿದಾಗ ಆ ಅರೆಬರೆಯೇ ಸಾಕಾಗಿದ್ದರಿಂದ ಗ್ಯಾರೇಜಿನವರು ಮಾಡಿದ ಓಡಾಟದ ಪರೀಕ್ಷೆಯಲ್ಲಿ ತಪ್ಪು ಸಿಕ್ಕಿರಲಿಲ್ಲ. ಕೊಳವೆಗಳನ್ನು ಸರಿಯಾದ ಜಾಗಕ್ಕೆ ಬದಲಿಸಿ ಅಗಲದ ಕೊಳವೆ ಹಾಕಿದ ಮೇಲೆ ಆ ಏರನ್ನು ನಾನು ಲೆಕ್ಕವಿಲ್ಲದಷ್ಟು ಸಲ ಹತ್ತಿದ್ದೇನೆ, ಒಮ್ಮೆಯೂ ಹಾಗಾಗಿಲ್ಲ. ಗ್ಯಾರೇಜಿನವರು ಬೇಕೆಂದೇ ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ‘ನೀವು ಟ್ರೈಲರ್ ಎಳೆಯುತ್ತೀರಾ, ಎಷ್ಟು ತೂಕ?’ ಎಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ, ಹೇಳಬೇಕೆಂದು ನನಗೂ ತೋಚಲಿಲ್ಲ. ರೆಡ್ಯೂಸರ್ ಎಷ್ಟು ಕಿಲೋವಾಟ್‌ವರೆಗೆ ಸಾಕು ಎಂಬುದನ್ನು ಅದರ ತಯಾರಕರೇ ನಮೂದಿಸಿರುತ್ತಾರೆ. ಆ ಅಂಕಿ ನಮ್ಮ ಎಂಜಿನ್‌ನ ಗರಿಷ್ಠ ಶಕ್ತಿಗಿಂತ ಮೇಲಿದೆಯೇ ಎಂದು ನೋಡುವುದಕ್ಕೆ ಯಂತ್ರಶಾಸ್ತ್ರ ಓದಿರಬೇಕಾಗಿಲ್ಲ. ಹಿಮ ಕಟ್ಟಿದ್ದು ಕಂಡರೆ ಕೂಲೆಂಟ್ ಮಟ್ಟವನ್ನು ಮೊದಲು ನೋಡಬೇಕೆಂಬುದನ್ನೂ ಸೇರಿಸುತ್ತೇನೆ, ಏಕೆಂದರೆ ಎಲ್ಲೋ ಸೋರಿ ಕೂಲೆಂಟ್ ಕಡಿಮೆಯಾಗುತ್ತಿರುವುದರ ಮೊದಲ ಸುಳಿವು ಅನೇಕ ಸಲ ರೆಡ್ಯೂಸರ್‌ನಲ್ಲೇ ಸಿಗುತ್ತದೆ.

ಹಿಮ ಕಟ್ಟುವುದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಅದಕ್ಕಿಂತ ಕೆಟ್ಟದ್ದು. ಹೊರೆ ಹೆಚ್ಚಿದಾಗ ಗ್ಯಾಸ್‌ನ ಒತ್ತಡ ಕುಸಿದರೆ, ಅಥವಾ ಇಂಜೆಕ್ಟರ್‌ನ ರಂಧ್ರ ಸಣ್ಣದಿದ್ದರೆ, ಎಂಜಿನ್‌ಗೆ ಬೇಕಾದಷ್ಟು ಇಂಧನ ಸಿಗದೆ ಮಿಶ್ರಣ ತೆಳುವಾಗುತ್ತದೆ. ಪೂರ್ಣ ಹೊರೆಯಲ್ಲಿ ಪೆಟ್ರೋಲ್ ಎಂಜಿನ್ ತನ್ನನ್ನು ತಂಪಾಗಿಟ್ಟುಕೊಳ್ಳಲೆಂದೇ ಮಿಶ್ರಣವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಗ್ಯಾಸ್ ಗಣಕ ಪೆಟ್ರೋಲ್ ಗಣಕದ ಆಜ್ಞೆಯನ್ನು ಅನುವಾದಿಸಿ ಇಂಜೆಕ್ಟರ್‌ಗಳಿಗೆ ತಲುಪಿಸುತ್ತದೆ. ಆ ಅನುವಾದದ ಕೋಷ್ಟಕವನ್ನು ಖಾಲಿ ಗಾಡಿಯಲ್ಲಿ ಮಾತ್ರ ಹೊಂದಿಸಿದ್ದರೆ ಕೋಷ್ಟಕದ ಮೇಲ್ಭಾಗ, ಅಂದರೆ ಭಾರ ಎಳೆಯುವಾಗ ಬಳಕೆಯಾಗುವ ಭಾಗ, ಅಂದಾಜಿನ ಮೇಲೆಯೇ ಉಳಿಯುತ್ತದೆ. ಚಾಲಕನಿಗೆ ಏನೂ ತಿಳಿಯುವುದಿಲ್ಲ, ಮೈಲೇಜ್ ಚೆನ್ನಾಗಿದೆ ಎಂದು ಸಂತೋಷವೂ ಆಗಬಹುದು. ಅಷ್ಟರಲ್ಲಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳು ಸುಡುತ್ತಿರುತ್ತವೆ. ಗ್ಯಾಸ್‌ಗೆ ಕಿಡಿ ಹೊತ್ತಿಸಲು ಪೆಟ್ರೋಲ್‌ಗಿಂತ ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ಹಳೆಯ ಪ್ಲಗ್, ಹಳೆಯ ಕಾಯಿಲ್‌ಗಳು ಮೊದಲು ಕೈಕೊಡುವುದೂ ಏರುದಾರಿಯಲ್ಲೇ.

ವಾಲ್ವ್‌ಗಳ ವಿಷಯದಲ್ಲಿ ನನ್ನ ಅನುಭವವನ್ನು ಹೇಳಲೇಬೇಕು. ಪೆಟ್ರೋಲ್ ಹನಿಗಳೂ ಅದರಲ್ಲಿ ಬೆರೆಸಿರುವ ದ್ರವ್ಯಗಳೂ ವಾಲ್ವ್ ಮತ್ತು ಅದು ಕೂರುವ ಸೀಟಿನ ನಡುವೆ ಅಲ್ಪಸ್ವಲ್ಪ ರಕ್ಷಣೆ ಕೊಡುತ್ತವೆ. ಗ್ಯಾಸ್ ಒಣ ಇಂಧನ. ಸೀಟಿನ ಲೋಹ ಮೆದುವಾಗಿದ್ದರೆ ಪ್ರತಿ ಬಡಿತಕ್ಕೂ ಅದು ಒಂದಿಷ್ಟು ಸವೆಯುತ್ತದೆ, ವಾಲ್ವ್ ಒಳಕ್ಕೆ ಕೂರುತ್ತ ಹೋಗುತ್ತದೆ, ಅದರ ಹಿಂಬದಿಯಲ್ಲಿ ಬಿಟ್ಟಿರುವ ಕೂದಲೆಳೆಯಷ್ಟು ಸಂದು ಮುಚ್ಚುತ್ತ ಬರುತ್ತದೆ. ಆ ಸಂದು ಪೂರ್ತಿ ಮುಚ್ಚಿದ ದಿನ ವಾಲ್ವ್ ಗಟ್ಟಿಯಾಗಿ ಕೂರದೆ, ಉರಿಯುವ ಅನಿಲ ಅದರ ಅಂಚಿನಿಂದ ನುಗ್ಗಿ ಅಂಚನ್ನೇ ಸುಟ್ಟುಹಾಕುತ್ತದೆ. ನನ್ನ ವಾಹನ 40,000 ಕಿ.ಮೀ. ಗ್ಯಾಸ್‌ನಲ್ಲಿ ಓಡಿದ ಮೇಲೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಒಂದು ನಿಮಿಷ ನಡುಗಿ, ಬಿಸಿಯಾದ ಮೇಲೆ ಸರಿಹೋಗುತ್ತಿತ್ತು. ನಾನು ಪ್ಲಗ್ ಬದಲಿಸಿದೆ, ಫಿಲ್ಟರ್ ಬದಲಿಸಿದೆ. ಕೊನೆಗೆ ಅನುಭವಿ ಮೆಕ್ಯಾನಿಕ್ ಒಬ್ಬರು ಕವರ್ ಬಿಚ್ಚಿ ಫೀಲರ್ ಗೇಜ್ ಇಟ್ಟು ನೋಡಿದರು. ಕೈಪಿಡಿಯ ಪ್ರಕಾರ 0.30 ಮಿ.ಮೀ. ಇರಬೇಕಾದ ಎಕ್ಸಾಸ್ಟ್ ವಾಲ್ವ್ ಸಂದು ಎರಡು ಸಿಲಿಂಡರ್‌ಗಳಲ್ಲಿ 0.15ಕ್ಕೆ ಇಳಿದಿತ್ತು. ಗೇಜಿನ ತೆಳು ಪಟ್ಟಿಯನ್ನು ನನ್ನ ಕೈಗೇ ಕೊಟ್ಟು ‘ನೀವೇ ತೂರಿಸಿ ನೋಡಿ’ ಎಂದರು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಸಕಾಲಕ್ಕೆ ನೋಡಿದ್ದರಿಂದ ಹೊಂದಾಣಿಕೆಯಲ್ಲೇ ಮುಗಿಯಿತು, ಇನ್ನೂ ತಡವಾಗಿದ್ದರೆ ಸಿಲಿಂಡರ್ ಹೆಡ್ಡನ್ನೇ ಇಳಿಸಬೇಕಾಗುತ್ತಿತ್ತು. ಆಮೇಲೆ ಪ್ರತಿ 20,000 ಕಿ.ಮೀ.ಗೆ ಒಮ್ಮೆ ಅಳೆಸುತ್ತೇನೆ. ವಾಲ್ವ್ ಸಂದನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ವ್ಯವಸ್ಥೆಯಿರುವ ಎಂಜಿನ್‌ಗಳಲ್ಲಿ ಈ ಸವೆತ ಬಹಳ ಕಾಲ ಹೊರಗೆ ಗೊತ್ತಾಗುವುದಿಲ್ಲ. ಗಟ್ಟಿ ಸೀಟುಗಳಿರುವ ಎಂಜಿನ್‌ಗಳು ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೂ ತಕರಾರಿಲ್ಲದೆ ಗ್ಯಾಸ್‌ನಲ್ಲಿ ಓಡುತ್ತಿವೆ. ಯಾವುದು ಗಟ್ಟಿ, ಯಾವುದು ಮೆದು ಎಂಬುದು ವಾಹನ ತಯಾರಕರಿಗೆ ಖಚಿತವಾಗಿ ಗೊತ್ತು. ಕೊಳ್ಳುವವನಿಗೆ ಮಾತ್ರ ಅದನ್ನು ಯಾರೂ ಹೇಳುವುದಿಲ್ಲ ಎಂಬುದು ನನ್ನ ನಿಜವಾದ ಕೊರಗು.

ತೂಕದ ಲೆಕ್ಕವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ನನ್ನ 80 ಲೀಟರ್ ಟ್ಯಾಂಕ್, ಅದರ ಬ್ರಾಕೆಟ್ ಸೇರಿ ಖಾಲಿಯಿದ್ದಾಗಲೇ ಸುಮಾರು 40 ಕಿಲೋ ತೂಗುತ್ತದೆ. ದ್ರವ ಹಿಗ್ಗಲು ಜಾಗ ಬೇಕಾದ್ದರಿಂದ ಶೇ 80ಕ್ಕೆ ತುಂಬುವುದು ತಾನಾಗಿ ನಿಲ್ಲುತ್ತದೆ, ಅಂದರೆ 64 ಲೀಟರ್, ಅದರ ತೂಕ 35 ಕಿಲೋ. ಒಟ್ಟು 75 ಕಿಲೋ, ಒಬ್ಬ ಮನುಷ್ಯನ ಭಾರ, ಅದೂ ಹಿಂದಿನ ಆಕ್ಸಲ್‌ನ ಮೇಲೋ ಅದರ ಹಿಂದೋ. ಟ್ರೈಲರ್‌ನ ಮೂತಿ ಹಿಚ್‌ನ (ಟ್ರೈಲರ್ ಕಟ್ಟುವ ಕೊಂಡಿಯ) ಮೇಲೆ ಊರುವ ಭಾರವೂ ಅಲ್ಲಿಗೇ ಬಂದು ಸೇರುತ್ತದೆ. ಆಕ್ಸಲ್‌ಗಳ ನಡುವಿನ ಅಂತರ 2.8 ಮೀಟರ್ ಇದ್ದು, ಹಿಚ್ ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದಿದ್ದರೆ, ಅದರ ಮೇಲೆ ಇಟ್ಟ 100 ಕಿಲೋ ಹಿಂದಿನ ಆಕ್ಸಲ್‌ಗೆ 143 ಕಿಲೋ ಆಗಿ ತಗಲುತ್ತದೆ. ಮುಂದಿನ ಆಕ್ಸಲ್‌ನಿಂದ 43 ಕಿಲೋ ಎತ್ತಿದಂತಾಗುತ್ತದೆ. ಸ್ಟಿಯರಿಂಗ್ ಹಗುರಾಯಿತು, ಟ್ರೈಲರ್ ಅತ್ತಿತ್ತ ತೂಗುತ್ತದೆ ಎಂದು ದೂರುವವರು ಹಿಂದೆ ಟ್ಯಾಂಕ್, ಅದರ ಮೇಲೆ ಸಾಮಾನು, ಅದರಾಚೆ ಹಿಚ್ ಎಂದು ಎಲ್ಲವನ್ನೂ ಒಂದೇ ಕಡೆ ಪೇರಿಸಿರುತ್ತಾರೆ. ಸ್ಪೇರ್ ಚಕ್ರದ ಗುಂಡಿಯಲ್ಲಿ ಚಕ್ರದಾಕಾರದ ಟ್ಯಾಂಕ್ ಕೂರಿಸಿ ಸ್ಪೇರ್ ಚಕ್ರವನ್ನು ಮನೆಯಲ್ಲಿ ಬಿಟ್ಟುಹೋಗುವವರಿಗೆ ನನ್ನದೊಂದು ಬೇಡಿಕೆ: ಟ್ರೈಲರ್ ಎಳೆಯುವ ದಿನವಾದರೂ ಅದನ್ನು ಜೊತೆಗೆ ಒಯ್ಯಿರಿ. ಇನ್ನು ದೂರದ ಮಾತು. 64 ಲೀಟರಿಗೆ 4.4ರಂತೆ ನಾನು ಭಾರ ಎಳೆಯುತ್ತ 280 ಕಿ.ಮೀ. ಹೋಗಬಲ್ಲೆ. ಪೆಟ್ರೋಲ್ ಟ್ಯಾಂಕ್ ಬೇರೆ ಇರುವುದರಿಂದ ನಡುದಾರಿಯಲ್ಲಿ ನಿಲ್ಲುವ ಭಯವಿಲ್ಲ, ಆದರೆ ಗ್ಯಾಸ್ ಬಂಕ್ ಎಲ್ಲಿದೆ ಎಂದು ನೋಡಿಕೊಂಡೇ ಹೊರಡಬೇಕು.

ಸುರಕ್ಷತೆಯ ಬಗ್ಗೆ ತಮ್ಮ ಬರಹದಲ್ಲಿ ಚೆನ್ನಾಗಿ ಬಂದಿದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 67ನೇ ನಿಯಮದಂತೆ ತಯಾರಾದ ಟ್ಯಾಂಕಿನಲ್ಲಿ ಅತಿ ಹರಿವನ್ನು ತಡೆಯುವ ವಾಲ್ವ್, ಒತ್ತಡ ಮಿತಿ ಮೀರಿದರೆ ಬಿಡುಗಡೆ ಮಾಡುವ ವಾಲ್ವ್, ಎಂಜಿನ್ ನಿಂತ ಕೂಡಲೇ ಮುಚ್ಚಿಕೊಳ್ಳುವ ವಾಲ್ವ್ ಎಲ್ಲವೂ ಇರುತ್ತವೆ. ನಾನು ಸೇರಿಸುವುದು ಎರಡೇ ಮಾತು. ಹಿಚ್ ಮತ್ತು ಟ್ಯಾಂಕ್ ಎರಡೂ ವಾಹನದ ಹಿಂಬದಿಯಲ್ಲೇ ಇರುವುದರಿಂದ ಒಂದನ್ನು ಕೂರಿಸಿದ ಮೇಲೆ ಇನ್ನೊಂದನ್ನು ಬೇರೆಯವರ ಕೈಯಲ್ಲಿ ಕೂರಿಸುವಾಗ, ಮೊದಲಿನದರ ಬೋಲ್ಟ್‌ಗಳನ್ನೋ ಗ್ಯಾಸ್ ಕೊಳವೆಯನ್ನೋ ಅವರು ಅಲುಗಾಡಿಸದಂತೆ ಎದುರು ನಿಂತು ನೋಡಿಕೊಳ್ಳಬೇಕು. ಎರಡನೆಯದು ಅಡುಗೆ ಸಿಲಿಂಡರ್‌ನಿಂದ ವಾಹನದ ಟ್ಯಾಂಕಿಗೆ ಗ್ಯಾಸ್ ತುಂಬಿಸುವ ಕೆಟ್ಟ ಚಾಳಿ. ಎಲ್‌ಪಿಜಿ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ಮೇಲೇರಿ ಚದುರಿಹೋಗುವುದಿಲ್ಲ, ನೆಲಕ್ಕೇ ಹರಡಿ ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ, ಎಲ್ಲೋ ದೂರದ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ನಾಲ್ಕು ಕಾಸು ಉಳಿಸಲು ಮನೆಮಂದಿಯನ್ನು ಈ ಅಪಾಯಕ್ಕೆ ಒಡ್ಡುವುದನ್ನು ಯಾರೂ ಸಮರ್ಥಿಸಲಾರರು.

ಡೀಸೆಲ್ ಎಸ್‌ಯುವಿ ಇರುವವರು ‘ನಮಗೂ ಆಗುತ್ತದೆಯೇ’ ಎಂದು ಕೇಳುತ್ತಾರೆ. ಡೀಸೆಲ್ ಎಂಜಿನ್‌ನಲ್ಲಿ ಗ್ಯಾಸ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಡೀಸೆಲ್ ಜೊತೆ ಸ್ವಲ್ಪ ಗ್ಯಾಸ್ ಬೆರೆಸುವ ಕಿಟ್‌ಗಳಿವೆ, ಅವುಗಳಿಂದ ಆಗುವ ಉಳಿತಾಯ ಸಣ್ಣದು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವ ಹೊಸ ಎಂಜಿನ್‌ಗಳಲ್ಲಿ ಪೆಟ್ರೋಲ್ ಇಂಜೆಕ್ಟರ್‌ಗಳು ಸುಟ್ಟುಹೋಗದಂತೆ ಗ್ಯಾಸ್‌ನಲ್ಲಿ ಓಡುವಾಗಲೂ ಒಂದಿಷ್ಟು ಪೆಟ್ರೋಲ್ ಹರಿಸುತ್ತಿರಬೇಕಾಗುತ್ತದೆ. ಅಂಥ ವಾಹನದ ಉಳಿತಾಯವನ್ನು ನನ್ನ ಲೆಕ್ಕದಿಂದ ಅಂದಾಜು ಮಾಡಬಾರದು. ಹೊಗೆಯ ಬಗ್ಗೆ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಒಂದು ಲೀಟರ್ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೆಚ್ಚು ಲೀಟರ್ ಬೇಕಾಗುವುದನ್ನು ಸೇರಿಸಿಕೊಂಡರೂ ಕಿಲೋಮೀಟರಿಗೆ ಶೇ 10ಕ್ಕಿಂತ ಹೆಚ್ಚು ಕಡಿತವಾಗುತ್ತದೆ. ಸಣ್ಣ ಲಾಭವೇ ಇರಬಹುದು, ಆದರೂ ಹೂವು ಮತ್ತು ಗಾಳಿಯನ್ನು ನಂಬಿ ಬದುಕುವ ನನಗೆ ಅದು ಮುಖ್ಯ.

ಇಷ್ಟೆಲ್ಲ ಬರೆದದ್ದು ಎಲ್‌ಪಿಜಿ ಬೇಡ ಎನ್ನುವುದಕ್ಕಲ್ಲ. ಇನ್ನೊಂದು ಪೆಟ್ರೋಲ್ ಎಸ್‌ಯುವಿ ಕೊಂಡರೂ ಅದಕ್ಕೆ ಗ್ಯಾಸ್ ಹಾಕಿಸಿಯೇ ತೀರುತ್ತೇನೆ. ನನ್ನ ಮನವಿ ಮೂರು ಕಡೆಗೆ. ಕಿಟ್ ಕೂರಿಸುವವರು ಗ್ರಾಹಕನ ಟ್ರೈಲರನ್ನೇ ಕಟ್ಟಿಸಿ, ಏರುದಾರಿಯಲ್ಲಿ ಕನಿಷ್ಠ ಹತ್ತು ನಿಮಿಷ ಓಡಿಸಿ, ಆಗಿನ ಗ್ಯಾಸ್ ಒತ್ತಡ, ರೆಡ್ಯೂಸರ್‌ನ ಉಷ್ಣತೆ, ಮಿಶ್ರಣದ ಅಳತೆಗಳನ್ನು ಲ್ಯಾಪ್‌ಟಾಪಿನಿಂದ ಮುದ್ರಿಸಿ ಬಿಲ್ಲಿನ ಜೊತೆ ಕೊಡಲಿ. ಈ ಅಳತೆಗಳೆಲ್ಲ ಅವರ ಪರದೆಯ ಮೇಲೆ ಹೇಗೂ ಮೂಡುತ್ತವೆ, ಕೊಡಲು ಹೆಚ್ಚಿನ ಖರ್ಚಿಲ್ಲ. ವಾಹನ ತಯಾರಕರು ತಮ್ಮ ಯಾವ ಎಂಜಿನ್‌ನ ವಾಲ್ವ್ ಸೀಟುಗಳು ಗ್ಯಾಸ್‌ಗೆ ತಕ್ಕವು ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ಒಂದು ಸಾಲಿನಲ್ಲಿ ಬರೆಯಲಿ. ಇನ್ನು ತಮ್ಮ ಪತ್ರಿಕೆ ಮುಂದೆ ಯಾವ ಎಲ್‌ಪಿಜಿ ಎಸ್‌ಯುವಿಯನ್ನು ಪರೀಕ್ಷಿಸಿದರೂ ಖಾಲಿ ಗಾಡಿಯ ಮೈಲೇಜಿನ ಪಕ್ಕದಲ್ಲಿ ಒಂದು ಟನ್ ಟ್ರೈಲರ್ ಕಟ್ಟಿದಾಗಿನ ಮೈಲೇಜನ್ನೂ, ಎಷ್ಟು ವೇಗದಲ್ಲಿ ಅಳೆದದ್ದು ಎಂಬುದನ್ನೂ ಅಚ್ಚು ಮಾಡಲಿ. ಅಂಥ ಪರೀಕ್ಷೆಗೆ ಟ್ರೈಲರ್ ಬೇಕಾದರೆ ನನ್ನದನ್ನು ಸಂತೋಷದಿಂದ ಕೊಡುತ್ತೇನೆ. ಆರು ವರ್ಷಗಳ ಲೆಕ್ಕದ ಪುಸ್ತಕವೂ ಅದರ ಜೊತೆಗೇ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಜೇನು ಸಾಕುವ ಒಬ್ಬ ಓದುಗ